ಯಾರದೂ ಆಕ್ಷೇಪಣೆ ಇಲ್ಲ

"ಈಗ ಹದಿನಾಲ್ಕನೆಯ ವಿಷಯ," ಎಂದರು ಅಧ್ಯಕ್ಷರು. ಅಳತೆ ಮೇಡಂ ತಟ್ಟನೆ ತಲೆಯೆತ್ತಿದರು. ಊಟದ ನಂತರ ಬರಬೇಕಾಗಿದ್ದ ವಿಷಯವದು. ನಡುವಿನ ಮೂರು ವಿಷಯಗಳು ಮಾತೇ ಇಲ್ಲದೆ ಮುಗಿದುಹೋಗಿದ್ದವು. ಪಕ್ಕದಲ್ಲಿ, ದೇಶದ ಪರ ಮಾತಾಡಬೇಕಾದ ಸಾಹೇಬರ ಕುರ್ಚಿ ಖಾಲಿ. ಸಾಹೇಬರಿಗೆ ಸಕ್ಕರೆ ಕಾಯಿಲೆ, ಗಂಟೆಗೊಮ್ಮೆ ಶೌಚಕ್ಕೆ ಏಳಲೇಬೇಕು. "ನಾನು ಬರೋವರೆಗೂ ಸುಮ್ನೆ ಕೂತಿರಿ," ಎಂದು ಹೇಳಿಯೇ ಹೋಗಿದ್ದರು.

ಧ್ರುವದ ಹಿಮದಲ್ಲಿ ಯಾರು ಏನು ಮಾಡಬಹುದು, ಏನು ಮಾಡಬಾರದು ಎಂದು ದೇಶಗಳು ಸೇರಿ ತೀರ್ಮಾನಿಸುವ ಸಭೆ ಅದು. ಅಲ್ಲಿ ಮತ ಎಣಿಸುವುದಿಲ್ಲ. ಮುಂದಿನ ಸಾಲುಗಳ ಒಂದೇ ಒಂದು ದೇಶ ತನ್ನ ಹೆಸರಿನ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಬೇಡ ಎಂದರೂ ವಿಷಯ ಬಿದ್ದುಹೋಗುತ್ತದೆ. ಯಾರೂ ನಿಲ್ಲಿಸದಿದ್ದರೆ ಮೌನವೇ ಸಮ್ಮತಿ. ಹಿಂದಿನ ಸಾಲಿನವರಿಗೆ ಆ ಹಕ್ಕಿಲ್ಲ, ಅವರು ಬರೀ ಕೇಳಿಸಿಕೊಳ್ಳಲು ಬಂದವರು.

ತಮ್ಮ ಬಂದರಿನಲ್ಲಿ ಸಮುದ್ರದ ಮಟ್ಟ ಅಳೆಯುವ ಮೇಡಂ ಹನ್ನೊಂದು ವರ್ಷ ಹಿಂದಿನ ಸಾಲಿನಲ್ಲೇ ಕುರ್ಚಿ ಸವೆಸಿದವರು. ಆಗೆಲ್ಲ ಪಕ್ಕದಲ್ಲಿ ಅಂಥದೇ ಇನ್ನೊಂದು ಬಡ ದೇಶದ ಹಿಮ ವಿಜ್ಞಾನಿ, ವಯಸ್ಸಾದ ಹೆಂಗಸು. ಮೇಡಂ ಅವರನ್ನು ಅಕ್ಕ ಎನ್ನುತ್ತಿದ್ದರು. ಇಬ್ಬರೂ ದೊಡ್ಡವರ ಹಡಗಿನಲ್ಲಿ ಜಾಗ ಬೇಡಿ, ದೊಡ್ಡವರ ಗುಡಾರದ ಮೂಲೆಯಲ್ಲಿ ಮಲಗಿ ಹಿಮ ಕೊರೆದು ಬಂದವರು. "ಅಲ್ಲಿ ಕರಗಿದ್ದು ಬರೋದು ನಮ್ಮ ಅಂಗಳಕ್ಕೆ. ತೀರ್ಮಾನಕ್ಕೆ ಮಾತ್ರ ನಾವು ಬೇಡ ನೋಡು," ಎಂದು ಅಕ್ಕ ನಗುತ್ತಿದ್ದರು. ಹೋದ ವರ್ಷ ಮೇಡಂ ದೇಶಕ್ಕೆ ಮುಂದಿನ ಸಾಲು ಸಿಕ್ಕಿತ್ತು. ಅಕ್ಕನ ದೇಶದ ಅರ್ಜಿ ನಾಳೆ ಬರುವುದಿತ್ತು. ಅಷ್ಟರಲ್ಲಿ ಈ ಹದಿನಾಲ್ಕನೆಯ ವಿಷಯ: ಸ್ವಂತ ಹಡಗು, ಹಿಮದ ಮೇಲೆ ಸ್ವಂತ ಕಟ್ಟಡ ಇಲ್ಲದ ಹೊಸಬರಿಗೆ ಇಂದಿನಿಂದ ಮುಂದಿನ ಸಾಲಿಲ್ಲ; ಈಗಾಗಲೇ ಅಲ್ಲಿ ಕೂತವರಿಗೆ ತೊಂದರೆಯಿಲ್ಲ.

ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಮೇಡಂ ಅಕ್ಕನ ಕೈ ಹಿಡಿದು ಹೇಳಿದ್ದರು: "ಚಿಂತೆ ಬಿಡಿ ಅಕ್ಕ, ನಾವು ಬೇಡ ಅಂತೀವಿ. ಬೇಡ ಅಂತ ಬರೆದ ಕಾಗದ ಸಾಹೇಬ್ರ ಜೇಬಲ್ಲೇ ಇದೆ."

"ಯಾರದಾದರೂ ಆಕ್ಷೇಪಣೆ?"

ಮೇಡಂ ಕೈ ಹಲಗೆಯ ಮೇಲೆ ಹೋಯಿತು. ಅಲ್ಲೇ ನಿಂತಿತು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುವುದು ಗಾದೆ. ಅವರ ಇಲಾಖೆಯಲ್ಲಿ ಸಾಹೇಬರ ಕುರ್ಚಿ ಖಾಲಿಯಿದ್ದಾಗ ಬಾಯಿ ತೆರೆದವರು ಉಗ್ರಾಣಕ್ಕೆ ವರ್ಗವಾಗುತ್ತಿದ್ದರು. ಅಧ್ಯಕ್ಷರು ಹೆಸರು ಹಿಡಿದು ಕೇಳಿಯಾರು, ಕೇಳಿದರೆ ಹೇಳಿದರಾಯಿತು ಎಂದುಕೊಂಡರು. ಬಾಗಿಲ ಕಡೆ ನೋಡಿದರು. ಅಯ್ಯೋ, ಬನ್ನಿ ಸಾರ್, ಬೇಗ ಬನ್ನಿ.

ಸುತ್ತಿಗೆ ಬಿತ್ತು. "ಯಾರದೂ ಇಲ್ಲ. ಅಂಗೀಕಾರವಾಗಿದೆ."

ಇಷ್ಟೇನಾ? ಮೇಡಂಗೆ ನಂಬಲಾಗಲಿಲ್ಲ. ಉಸಿರು ಎಳೆದುಕೊಂಡಷ್ಟು ಹೊತ್ತೂ ಆಗಿರಲಿಲ್ಲ. ಯಾರೋ ಕೆಮ್ಮಿದರು, ಯಾರೋ ನೀರು ಬಗ್ಗಿಸಿಕೊಂಡರು.

ಸಾಹೇಬರು ಕೈ ಒರೆಸಿಕೊಳ್ಳುತ್ತ ಬಂದು ಕೂತರು. "ನಮ್ದು ಊಟ ಆದ್ಮೇಲೆ ತಾನೆ?"

"ಮುಗೀತು ಸಾರ್."

"ಮುಗೀತಾ? ನೀವಿಲ್ಲಿ ಏನ್ರಿ ಮಾಡ್ತಿದ್ರಿ?"

"ಸುಮ್ನೆ ಕೂತಿರಿ ಅಂದಿದ್ರಲ್ಲ ಸಾರ್."

ಸಾಹೇಬರು ಜೇಬಿನಿಂದ ಕಾಗದ ತೆಗೆದು, ಮತ್ತೆ ಒಳಗಿಟ್ಟರು. ಸುತ್ತಿಗೆ ಬಿದ್ದ ಮೇಲೆ ಏನೂ ಮಾಡುವಂತಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಮೇಡಂ ಎದ್ದು ಹಿಂದಿನ ಸಾಲಿಗೆ ನಡೆದರು. ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತರು.

"ಹಲಗೆ ಮೇಲೆ ಕೈ ಇಟ್ಟೆಯಲ್ಲ, ನೋಡ್ದೆ," ಎಂದರು ಅಕ್ಕ. ಕೋಪವಿರಲಿಲ್ಲ, ಅದೇ ಸಹಿಸಲಾಗಲಿಲ್ಲ. "ಎತ್ತೇಬಿಟ್ಟೆ ಅಂದ್ಕೊಂಡೆ ಕಣೇ."

ಅಷ್ಟರಲ್ಲಿ ಬಾಗಿಲ ಬಳಿಯ ಸಿಬ್ಬಂದಿಯವನು ಬಂದು ಬಗ್ಗಿ, ಬಹಳ ವಿನಯದಿಂದ ಮುಂದಿನ ಸಾಲಿನತ್ತ ಕೈ ತೋರಿಸಿದ.

"ಮೇಡಂ, ನೀವು ಇಲ್ಲಿ ಕೂರೋ ಹಾಗಿಲ್ಲ. ನಿಮ್ಮ ಜಾಗ ಅಲ್ಲಿದೆ."