ತಮ್ಮನ ಎಮ್ಮೆಯ ಹಾಲು

ಶಿವಲಕ್ಷ್ಮಿ ಹಣೆಗೆ ವಿಭೂತಿ ಹಚ್ಚುತ್ತಿದ್ದಂತೆ ಅತ್ತೆಯ ತಲೆ ಒಂದು ಕಡೆ ವಾಲಿತು. ಗೋಡೆಗೆ ಆನಿಸಿ ಕೂರಿಸಿದ್ದ ದೇಹದ ಬೆನ್ನಿಗೆ ನೆರೆಮನೆಯ ಗುಲಾಬಬಿ ಇನ್ನೊಂದು ದಿಂಬು ಒತ್ತಿದಳು.

"ನೆಟ್ಟಗ ಕುಂಡ್ರವಾ ಬಸವಣ್ಣೆವ್ವ. ನಮ್ಮನ್ನೆಲ್ಲಾ ಡೇರಿ ಮುಂದ ನೆಟ್ಟಗ ನಿಂದ್ರಸ್ತಿದ್ದಿ." ಆಮೇಲೆ ಶಿವಲಕ್ಷ್ಮಿಗೆ ಹೇಳಿದಳು, "ಒಮ್ಮೆ ನನ್ನ ಹಾಲಿನ್ಯಾಗ ನೀರೈತಿ ಅಂದ್ಲು. ಮಳಿ ಬಿದ್ದಿತ್ತವಾ, ಅಂದೆ. ಮಳಿ ನಿನ್ನ ಚರಗಿ ಹುಡುಕ್ಕೊಂಡ ಬಂದಿತ್ತೇನ, ಅಂದ್ಲು!" ನಕ್ಕವಳು ಅಲ್ಲಿಯೇ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಗಂಡ ತೀರಿದಾಗಿನಿಂದ ಬೆಳ್ಳಟ್ಟಿಯ ಡೇರಿಯಲ್ಲಿ ಊರವರ ಹಾಲು ಪರೀಕ್ಷಿಸಿ ತೆಗೆದುಕೊಳ್ಳುವ ಕೆಲಸ ಬಸವಣ್ಣೆವ್ವನದು. ನಿನ್ನೆ ಸಂಜೆಯ ಹಾಲನ್ನೂ ನೋಡಿ ಬಂದವಳು ಎದೆನೋವೆಂದು ಮಲಗಿದಳು. ಏಳಲಿಲ್ಲ.

ಹೊರಗೆ ಭಜನೆ ನಿಂತಿತ್ತು. ಹಿರಿಯರೊಬ್ಬರು ಶಿವಲಕ್ಷ್ಮಿಯ ಗಂಡ ಮುತ್ತಣ್ಣನನ್ನು ಕೇಳಿದರು, "ಹೊತ್ತಾತಲ್ಲೋ, ಯಾಕ ತಡಾ?"

"ತವರಮನಿ ಸೀರಿ ಬಂದಿಲ್ಲರಿ."

"ಉಳವಪ್ಪನ ಮನಿ ಎರಡ ಓಣಿ ಆಚೆ ಐತಿ!"

"ಮಾವಗ ಖಬರ ಮುಟ್ಟೈತ್ರಿ. ಬರದಿದ್ರ ನಾವ ಒಂದ ಹೊಚ್ಚೂಣು."

"ಹೊಚ್ಚಾಕ ಬರತೈತಿ. ಆದ್ರ ಬೆನ್ನಿಗೆ ಬಿದ್ದ ತಮ್ಮ ಇದ್ದೂ ಇಲ್ಲದಾಕಿ ಹಂಗ ಮಣ್ಣಿಗೆ ಹೋಗತಾಳ."

ಆ ಮಾತು ಶಿವಲಕ್ಷ್ಮಿಗೆ ನಾಟಿತು. ತಮ್ಮನೊಡನೆ ಜಗಳವಾದ ಮೇಲೂ ಅತ್ತೆ ಉಳವಪ್ಪನ ಓಣಿಯಿಂದಲೇ ಡೇರಿಗೆ ಹೋಗುತ್ತಿದ್ದಳು. ಅದು ಸುತ್ತುದಾರಿ.

*

ಕಳೆದ ಚಳಿಗಾಲದಲ್ಲಿ ಉಳವಪ್ಪನ ಎಮ್ಮೆಯ ಕೆಚ್ಚಲು ಬಾತಿತ್ತು. ಡಾಕ್ಟರು ಸೂಜಿ ಮಾಡುವಾಗ ಎಮ್ಮೆಯನ್ನು ಹಿಡಿದು ನಿಂತವಳು ಬಸವಣ್ಣೆವ್ವನೇ. ಮರುದಿನ ಅವನು ಡೇರಿಗೆ ಹಾಲು ತಂದ. ಅವಳು ಕೈ ಅಡ್ಡ ಹಿಡಿದಳು. ಬುತ್ತಿ ತಂದಿದ್ದ ಶಿವಲಕ್ಷ್ಮಿ ಬಾಗಿಲಲ್ಲೇ ನಿಂತಳು.

"ಔಷಧ ಇಳಿಯೂತನಕ ಚೆಲ್ಲು ತಮ್ಮಾ. ಡಾಕ್ಟರು ಹೇಳಿದ್ದ ಮರತೇನು?"

"ನಿನ್ನ ಯಂತ್ರಕ್ಕ ಗೊತ್ತಾಗೂದಿಲ್ಲಲ್ಲ."

"ನನಗ ಗೊತ್ತೈತಲ್ಲ. ಊರ ಹಾಲೆಲ್ಲಾ ಒಂದ ಕ್ಯಾನಿನ್ಯಾಗ ಬೀಳತೈತಿ. ಕೂಸುಗಳು ಕುಡಿತಾವ."

"ಅಕ್ಕನ ಕೈಯಾಗ ಸಿಕ್ಕಬಿದ್ದ ನೋಡ್ರಲೇ," ಎಂದು ಸಾಲಿನಲ್ಲಿದ್ದ ಯಾರೋ ನಕ್ಕರು. ಉಳವಪ್ಪನ ಮುಖ ಕಪ್ಪಿಟ್ಟಿತು.

"ಒಡಹುಟ್ಟಿದಾಕೇನ ನೀ? ನಿನ್ನ ಹೆಣಕ್ಕ ಸೀರಿ ಸೈತ ತರೂದಿಲ್ಲ, ಹೋಗು!"

ಬಸವಣ್ಣೆವ್ವ ಅವನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದಳು. "ಮುಂದಿನವ್ರು ಬರ್ರಿ," ಎಂದಳು. ಅಂದು ಅವಳು ಬುತ್ತಿ ಬಿಚ್ಚಲಿಲ್ಲ.

*

ಶಿವಲಕ್ಷ್ಮಿ ಯಾರನ್ನೂ ಕೇಳದೆ ಹಿಂಬಾಗಿಲಿನಿಂದ ಹೊರಟಳು. ಗಂಡನ ಸೋದರಮಾವನ ಎದುರು ನಿಂತು ಅವಳು ಎಂದೂ ಮಾತಾಡಿದವಳಲ್ಲ. ಸೀರೆಗಾಗಿ ಕಾಲಿಗೆ ಬೀಳುವುದೇ ಸರಿ ಎಂದುಕೊಂಡಳು.

ಉಳವಪ್ಪನ ಮನೆಯ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಹಿತ್ತಲಿಗೆ ಹೋದರೆ ಅವನು ಎಮ್ಮೆಯ ಪಕ್ಕ ಬೆನ್ನು ಮಾಡಿ ಕುಕ್ಕುರುಗಾಲಲ್ಲಿ ಕೂತಿದ್ದ.

"ಮಾವಾರ..." ಎಂದಳು.

"ಬಂದೆ ನಡಿಯವಾ," ಎಂದ ತಿರುಗದೆ. "ಇದಕ್ಕ ಮತ್ತ ಬಾವು ಬಂದೈತಿ. ನಿನ್ನೆ ಸೂಜಿ ಮಾಡಿಸೇನಿ. ಹಿಂಡದ ಬಿಟ್ರ ಒದ್ದಾಡತೈತಿ. ಅಕ್ಕನ್ನ ಇನ್ನೊಂದ ಸ್ವಲ್ಪ ಕುಂಡ್ರಸ್ರಿ. ಎತ್ತಬ್ಯಾಡ್ರಿ."

ಬೆಟಗೇರಿ ನೇಯ್ಗೆಯ ಹೊಸ ಸೀರೆ ಮಡಿಕೆ ಬಿಚ್ಚದೆ ಅವನ ಹೆಗಲ ಮೇಲಿತ್ತು. ಮೊಣಕಾಲುಗಳ ನಡುವೆ ಪಾತ್ರೆ ಇರಲಿಲ್ಲ. ಎರಡೂ ಕೈಯಿಂದ ಅವನು ಹಿಂಡುತ್ತಲೇ ಇದ್ದ. ಹಾಲು ನೆಲಕ್ಕೆ ಬಿದ್ದು, ನೊರೆಯೆದ್ದು, ಅವನ ಬರಿಗಾಲನ್ನು ತೋಯಿಸಿ ತಿಪ್ಪೆಯ ಕಡೆ ಹರಿಯುತ್ತಿತ್ತು.