ಪೂರಿ ಮಶಿನ್ ಯಾರದು?

ಶುಕ್ರವಾರದೊಳಗೆ ನಮ್ಮ ಪೂರಿ ಮಶಿನ್ ನಿಲ್ಲಿಸಬೇಕೆಂದು ನೋಟೀಸು ಬಂದ ದಿನ ನನಗೆ ಬಂದ ಸಿಟ್ಟಿಗೆ ಗೋವಾದ ಮಡ್ಕಯಿಯ ಇಡೀ ಇಂಡಸ್ಟ್ರಿಯಲ್ ಎಸ್ಟೇಟೇ ಉರಿದುಹೋಗಬೇಕಿತ್ತು.

ಹೆಸರು ಕೇಳಿ ಪೂರಿ ಕೇಳಬೇಡಿ ಮತ್ತೆ. ನಮ್ಮದು ಇನ್ವರ್ಟರಿನ ಬೋರ್ಡ್ ತಯಾರಿಸುವ ಕಾರ್ಖಾನೆ. ನಾನು ಮಂಗಲಾ, ಟೆಸ್ಟಿಂಗ್ ಲೈನಿನವಳು. ಮೊದಲು ಒಂದೊಂದು ಬೋರ್ಡಿಗೂ ಎರಡೂ ಮಗ್ಗುಲಲ್ಲಿ ನಲವತ್ತು ಕಡೆ ಮೀಟರಿನ ಕಡ್ಡಿ ಮುಟ್ಟಿಸಿ ನೋಡುತ್ತಿದ್ದೆವು. ಸಂಜೆಯ ಹೊತ್ತಿಗೆ ಕುತ್ತಿಗೆ ಹಿಡಿದುಹೋಗುತ್ತಿತ್ತು. ಫಿಟ್ಟರ್ ಭೀಮಶಿ ಅಣ್ಣ ಅದನ್ನು ನೋಡಲಾರದೆ, ಪೂರಿ ಒತ್ತುವ ಪ್ರೆಸ್ಸಿನಂಥದ್ದೊಂದು ಮಾಡಿಕೊಟ್ಟ. ಮೇಲೊಂದು ಹಲಗೆ, ಕೆಳಗೊಂದು ಹಲಗೆ, ಎರಡರಲ್ಲೂ ಸ್ಪ್ರಿಂಗಿನ ಪಿನ್ನುಗಳು. ನಡುವೆ ಬೋರ್ಡ್ ಇಟ್ಟು ಹಿಡಿ ಒತ್ತಿದರೆ ಸಾಕು, ಎರಡೂ ಮಗ್ಗುಲು ಒಮ್ಮೆಗೇ ಮುಗಿದು ಹಸಿರು ದೀಪ ಹತ್ತುತ್ತಿತ್ತು.

ಈಗ, ೨೦೦೬ರಲ್ಲಿ, ಯಾವುದೋ ದೂರದ ಕಂಪನಿ ಅದು ತನ್ನದು ಅನ್ನುತ್ತಿತ್ತು! ೨೦೦೨ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿತ್ತಂತೆ. ಮಶಿನ್ ನಿಂತರೆ ಆರ್ಡರ್ ಹೊತ್ತಿಗೆ ಮುಗಿಯುವುದಿಲ್ಲ. ಆರ್ಡರ್ ಹೋದರೆ ಲೈನಿನ ಮೂವತ್ತೆರಡು ಹೆಂಗಸರೂ ಮನೆಗೆ.

ಮಾಲೀಕ ಮೋತಿಲಾಲ ಶೇಟ್ ಪಣಜಿಯಿಂದ ವಕೀಲೆಯೊಬ್ಬರನ್ನು ಕರೆಸಿದರು. ಬೆಳಗಾವಿಯಲ್ಲಿ ಕಲಿತವರು, ಕನ್ನಡ ಸರಾಗ.

"ಅವರು ಅರ್ಜಿ ಹಾಕೂಕಿಂತ ಮೊದಲ ನಿಮ್ಮಲ್ಲಿ ಇದು ಇತ್ತು ಅನ್ನಾಕ ಪುರಾವೆ ಏನೈತಿ? ನಕಾಶೆ?"

ಭೀಮಶಿ ಅಣ್ಣ ತಲೆ ಕೆರೆದುಕೊಂಡ. "ನಾ ಎಲ್ಲಾ ನೆಲದ ಮ್ಯಾಲ ಚಾಕ್‌ಪೀಸಿಲೆ ತಗೀತೇನ್ರಿ. ಸಂಜೀಕ ಕಸಾ ಹೊಡೀತಾರ."

ನಾನು ದಡಬಡನೆ ಎದ್ದು ದೇವರ ಮಾಡದ ಪಕ್ಕದ ಗೋಡೆಗೆ ಓಡಿದೆ. ಖಂಡೇನವಮಿಗೆ ನಾವು ಮಶಿನುಗಳಿಗೆಲ್ಲ ಪೂಜೆ ಮಾಡಿ, ಎಲ್ಲರೂ ನಿಂತು ಫೋಟೋ ತೆಗೆಸುತ್ತೇವೆ. ೨೦೦೦ದ ಫೋಟೋ ಕಿತ್ತು ತಂದೆ. ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನ ಮಾಲೆ ಹಾಕಿಸಿಕೊಂಡು ಪೂರಿ ಮಶಿನ್ ನಡುವೆಯೇ ಕೂತಿತ್ತು! ಫೋಟೋದ ಬೆನ್ನಿಗೆ ಫೋಂಡಾದ ಸ್ಟುಡಿಯೋದ ಮೊಹರು, ತಾರೀಕು. ಶೇಟ್ ಕುಣಿದೇಬಿಟ್ಟರು.

"ಇಷ್ಟ ಸಾಲಂಗಿಲ್ರಿ," ಅಂದರು ವಕೀಲೆ. "ನೀವs ಒಳಗ ಮುಚ್ಚಿಟ್ಟು ಬಳಸಿದ್ರ ಏನೂ ಉಪಯೋಗ ಇಲ್ಲ. ಅವರು ಅರ್ಜಿ ಹಾಕೂಕಿಂತ ಮೊದಲs ಹೊರಗಿನ ಮಂದಿಗೂ ಇದು ಗೊತ್ತಿದ್ರ ಮಾತ್ರ ಅವರ ಪೇಟೆಂಟ್ ಬೀಳ್ತೈತಿ."

"ನಾ ಹೊರಗಿನವರನ್ನ ಗೇಟ್ ದಾಟಾಕ ಬಿಟ್ಟs ಇಲ್ಲ," ಅಂದರು ಶೇಟ್. ಅವರ ಮುಖ ಇಳಿದುಹೋಯಿತು.

ನಾನು ಫೋಟೋದ ಮೇಲೆ ಬೆರಳಿಟ್ಟೆ. "ಈ ನೀಲಿ ಏಪ್ರನ್ ಯಾರದ್ರಿ ಶೇಟ್? ಬಾಜೂ ರೆಗ್ಯುಲೇಟರ್ ಕಾರ್ಖಾನಿ ಚಂದವ್ವಂದು! ಖಂಡೇನವಮಿ ಪ್ರಸಾದಕ್ಕ ಬಂದವರನ್ನ ಯಾವ ಗೇಟ್ ತಡೀತೈತ್ರಿ?"

ಆ ದಿನ ಚಂದವ್ವ ಒಂದು ಕೈಯಲ್ಲಿ ಶಿರಾ ಹಿಡಿದು ಇನ್ನೊಂದು ಕೈಯಲ್ಲಿ ಪಿನ್ನು ಎಣಿಸಿದ್ದಳು. ಈ ಅಣ್ಣ ಅಲ್ಲೇ ಕುಕ್ಕರಗಾಲಲ್ಲಿ ಕೂತು ನೆಲದ ಮೇಲೆ ಎಲ್ಲವನ್ನೂ ಬರೆದು ತೋರಿಸಿದ್ದ. ದೀಪಾವಳಿಯೊಳಗೆ ಅವರಲ್ಲೂ ಒಂದು ಮಶಿನ್ ತಯಾರಾಗಿತ್ತು. ನಾನು ಅವನ ಮೇಲೆ ಹರಿಹಾಯ್ದು ಎಂಟು ದಿನ ಮಾತು ಬಿಟ್ಟಿದ್ದೆ. "ಅವರ ಕುತ್ತಿಗೀನೂ ನೋಯ್ತೈತೆಲ್ಲ ತಂಗಿ," ಅಂದಿದ್ದ, ಅಷ್ಟೇ.

ಈಗ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದೆ. ಚಂದವ್ವನನ್ನು ರಟ್ಟೆ ಹಿಡಿದು ಎಳೆದುಕೊಂಡೇ ಬಂದೆ. "ಬಿಡs ನಮ್ಮವ್ವಾ, ಕೈ ಕಿತ್ತೀ!" ಅಂತ ಕೂಗುತ್ತಲೇ ಬಂದಳು. ಅವರ ಮಶಿನ್ ಇನ್ನೂ ನಡೆಯುತ್ತಿತ್ತು. ಅವಳೂ ಅವಳ ಮಾಲೀಕರೂ ವಕೀಲೆ ಬರೆದುಕೊಟ್ಟ ಹೇಳಿಕೆಗೆ ಸಹಿ ಹಾಕಿದರು. ಗುರುವಾರವೇ ಉತ್ತರ ಹೋಯಿತು.

ಎರಡು ತಿಂಗಳಿಗೆ ಆ ಕಂಪನಿ ನೋಟೀಸನ್ನು ಹಿಂದೆ ತೆಗೆದುಕೊಂಡಿತು. ನಮ್ಮ ಮಶಿನ್ ಒಂದು ದಿನವೂ ನಿಂತಿರಲಿಲ್ಲ! ಸುದ್ದಿ ತಂದ ವಕೀಲೆಗೂ, ಚಂದವ್ವನಿಗೂ, ಇಡೀ ಲೈನಿಗೂ ಶೇಟ್ ತಾವೇ ಪೇಢೆ ಹಂಚಿದರು.

ಆಮೇಲೆ ನಾವು ನಾಲ್ವರೂ ಆಫೀಸಿನಲ್ಲಿ ಕೂತಾಗ ವಕೀಲೆ ಅಂದರು, "ಭೀಮಶಿಯವರs, ಅವತ್ತ ನೀವs ಅರ್ಜಿ ಹಾಕಿದ್ರ ಇದು ನಿಮ್ಮದs ಆಗ್ತಿತ್ತು. ಈಗ ಎಲ್ಲಾರದೂ ಆತು."

ಅಣ್ಣ ನಾಚಿಕೊಂಡು ನಕ್ಕ. "ಹೋಗ್ಲಿ ಬಿಡ್ರಿ. ಈಗ ಕಾಲಿಲೆ ಒತ್ತೂದು ಒಂದು ಮಾಡೇನಿ. ಕೈ ಎರಡೂ ಖಾಲಿ ಉಳೀತಾವ."

ಶೇಟ್ ಬಾಯಲ್ಲಿನ ಪೇಢೆ ನುಂಗುವ ಮೊದಲೇ ಹಾರಿ ಬಾಗಿಲ ಚಿಲಕ ಹಾಕಿದರು. "ಯಾರ ಮುಂದೂ ಬಾಯಿ ಬಿಡಬ್ಯಾಡ! ಮೊದಲ ಪೇಟೆಂಟ್!" ವಕೀಲೆ ಪೆನ್ನು ತೆಗೆದರು. ಅಣ್ಣ ತಪ್ಪು ಮಾಡಿದವನಂತೆ ನನ್ನ ಮುಖ ನೋಡಿದ. ಆರು ವರ್ಷದ ಹಿಂದಾಗಿದ್ದರೆ ಆ ಚಿಲಕವನ್ನು ನಾನೇ ಹಾಕುತ್ತಿದ್ದೆ.

ಎದ್ದು ಚಿಲಕ ತೆಗೆದೆ.

"ಮಂಗಲಾ!" ಅಂದರು ಶೇಟ್.

"ಏ ಚಂದವ್ವಾ," ಎಂದು, ಪೇಢೆ ತಿಂದು ಹೊರಟಿದ್ದವಳಿಗಷ್ಟೇ ಅಲ್ಲ, ಅಂಗಳಕ್ಕೆಲ್ಲ ಕೇಳುವ ಹಾಗೆ ಕೂಗಿದೆ, "ಲಗೂನ ಬಾ ಇಲ್ಲೆ! ಅಣ್ಣ ಹೊಸಾದೊಂದು ಮಾಡ್ಯಾನ. ಬರೂವಾಗ ನಿಮ್ಮ ಫಿಟ್ಟರನ್ನೂ ಕರಕೊಂಡು ಬಾ!"