ಜೋಗಪ್ಪನೋರು

"ನಮ್ಮನೇಲಿ ಜೀರ್ಗೆ ಮುಟ್ಟಾಕಿಲ್ಲ ಕಣಮ್ಮ, ಅದ್ಕೇ ಸಾರು ಹಿಂಗೈತೆ," ಎಂದು ಹುಡುಗನ ತಾಯಿ ಗೌರಕ್ಕ ನಗುತ್ತ ಇನ್ನೊಂದು ಸೌಟು ಬಡಿಸಿದಳು.

ರಾಮಾಂಜಿನಮ್ಮ ಕಲಸಿದ ತುತ್ತನ್ನು ಎತ್ತದೆ ಗಂಡನ ಕಡೆ ನೋಡಿದಳು. ಲಕ್ಷ್ಮಣಪ್ಪನ ಕೈಯೂ ಎಲೆಯ ಮೇಲೇ ನಿಂತಿತ್ತು. ಸೆಟ್ಟೂರಿನ ಹತ್ತಿರದ ಹಳ್ಳಿಯಿಂದ ಗಂಡ ಹೆಂಡತಿ ರೊದ್ದಂಗೆ ಬಂದಿದ್ದು ಮಗಳು ಗಂಗಾದೇವಿಯ ಮದುವೆಗೆ ದಿನ ಗೊತ್ತು ಮಾಡಲು. ಕುರುಬರಲ್ಲಿ ಜೀರಿಗೆ ಬೆಡಗಿನವರು ಜೀರಿಗೆ ತಿನ್ನುವುದಿಲ್ಲ. ಲಕ್ಷ್ಮಣಪ್ಪನ ಮನೆಯಲ್ಲೂ ತಿನ್ನುತ್ತಿರಲಿಲ್ಲ. ಒಂದೇ ಬೆಡಗು ಎಂದಮೇಲೆ ಹುಡುಗ ಹುಡುಗಿ ಅಣ್ಣ ತಂಗಿಯಾದರು. ಎಲ್ಲಾ ವಿಚಾರಿಸಿದ್ದೇನೆ ಎಂದು ಹೇಳಿ ಸಂಬಂಧ ತಂದಿದ್ದ ಶ್ರೀರಾಮಪ್ಪ ತಲೆ ಎತ್ತಲಿಲ್ಲ.

ಮಾತು ಹೊರಗೆ ಬಿದ್ದಾಗ ಹುಡುಗನ ತಂದೆ ಚೌಡಣ್ಣ ನೀರಿನ ಚೊಂಬನ್ನು ಲಕ್ಷ್ಮಣಪ್ಪನ ಎಲೆಯ ಪಕ್ಕಕ್ಕೆ ಸರಿಸಿದ. ಆಮೇಲೆ, "ಉಣ್ರಪ್ಪ. ಅನ್ನ ಏನ್ ಮಾಡೈತೆ," ಎಂದ.

ಬಸ್ಸಿಗೆ ಕಾಯುವಾಗ ರಾಮಾಂಜಿನಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಹುಡುಗ ಕಲ್ಯಾಣದುರ್ಗದ ಡಿಪೋದಲ್ಲಿ ಮೆಕ್ಯಾನಿಕ್ಕು. ಅಲ್ಲಿಗೆ ಹೊಲಿಗೆ ಕಲಿಯಲು ಹೋಗುತ್ತಿದ್ದ ಗಂಗಾದೇವಿ ಅವನನ್ನು ನೋಡಿದ್ದಳು, ಒಪ್ಪಿಯೂ ಇದ್ದಳು. "ಅವ್ಳಿಗೆ ಯಾವ ಬಾಯಲ್ಲಿ ಹೇಳ್ಲಿ?" ಎಂದವಳು ಏನೋ ನೆನಪಾಗಿ ಗಂಡನ ತೋಳು ಹಿಡಿದಳು. "ನಿಮ್ ಮುತ್ತಜ್ಜ ಎಲ್ಲಿಂದ್ಲೋ ಬಂದೋನು ಅಂತ ನಮ್ಮತ್ತೆ ಒಂದ್ಸಲ ಅಂದಿದ್ರು ಕಣ್ರಿ. ನಾನು ಕೇಳೋಕೆ ಹೋದ್ರೆ ಬಾಯಿ ಮುಚ್ಕಂಡ್ಬುಟ್ರು."

ಲಕ್ಷ್ಮಣಪ್ಪನಿಗೆ ಮುತ್ತಜ್ಜನ ಹೆಸರು ಜೋಗಪ್ಪ ಎನ್ನುವುದರ ಹೊರತು ಏನೂ ಗೊತ್ತಿರಲಿಲ್ಲ. ಅಪ್ಪ ತೀರಿಕೊಂಡಿದ್ದ. ಜೋಗಪ್ಪನನ್ನು ಕಣ್ಣಾರೆ ಕಂಡವರಲ್ಲಿ ಉಳಿದಿದ್ದವಳು ಅಪ್ಪನ ಅಕ್ಕ ಬೀರಕ್ಕ ಒಬ್ಬಳೇ, ಹಿಂದೂಪುರದಲ್ಲಿ ಮಗಳ ಮನೆಯಲ್ಲಿ. ಹೆಂಡತಿಯನ್ನು ಊರಿನ ಬಸ್ಸು ಹತ್ತಿಸಿ ಅವನು ಹಿಂದೂಪುರಕ್ಕೆ ಹೋದ.

ಬೀರಕ್ಕ ಅಂಗಳದಲ್ಲಿ ಹುಣಿಸೆಹಣ್ಣಿನ ರಾಶಿಯ ಮುಂದೆ ಕೂತು ಸುತ್ತಿಗೆಯಿಂದ ಜಜ್ಜಿ ಬೀಜ ಬಿಡಿಸುತ್ತಿದ್ದಳು. "ಏಮಿ ನಾಯ್ನಾ, ದಾರಿ ತಪ್ಪಿ ಬಂದೇನ್ಲಾ?" ಎಂದು ತೆಲುಗು ಬೆರೆಸಿ ಕೇಳುತ್ತ ಅಂಟು ಬೆರಳುಗಳಿಂದಲೇ ಅವನ ಗಲ್ಲ ಸವರಿದಳು. ವಿಷಯ ಕೇಳಿದ ಮೇಲೆ ಸುತ್ತಿಗೆ ಕೆಳಗಿಟ್ಟಳು.

"ಅಜ್ಜ ನಮ್ಮೋನಲ್ಲ ಕಣಪ್ಪ. ದೊಡ್ಡ ಬರ್ದಾಗೆ ಬಂದೋನು. ಪಡುವಲಿಂದ ರಸ್ತೆ ಕೆಲ್ಸಕ್ಕೆ ಜನ ಕಲ್ಲೊಡ್ಕೊಂಡು ಬತ್ತಿದ್ರಂತೆ, ದಾರೀಲೇ ಸಾಯ್ತಿದ್ರಂತೆ. ನಮ್ ಹಟ್ಟಿ ಕದಿರಪ್ಪ ಬೆಳಿಗ್ಗೆ ಕುರಿಮರಿ ಬಿಡಾನ ಅಂತ ಮ್ಯಾಲೆ ಮುಚ್ಚಿದ್ದ ಬಿದ್ರು ಪುಟ್ಟಿ ಎತ್ತಿದ್ರೆ, ಒಳಗೆ ಮರಿಗಳ ಮಧ್ಯ ಈ ಮಗ ಮುದುರ್ಕಂಡು ಮಲಗೈತೆ. ಬೆಚ್ಚಗಿರ್ಲಿ ಅಂತ ತಾನೇ ನುಗ್ಗಿ ಮ್ಯಾಲೆ ಪುಟ್ಟಿ ಕವುಚ್ಕಂಡಿದ್ನಂತೆ."

"ಯಾರ ಮಗ ಅಂತ ಕೇಳ್ಲಿಲ್ವಾ?"

"ಕೇಳ್ದೆ ಬಿಡ್ತಾರಾ? ಅವನ ಮಾತು ಒಬ್ರಿಗೂ ತಿಳೀಲಿಲ್ಲ. ಹೆಸ್ರು ಹೇಳ್ತಿದ್ನಂತೆ, ಇವ್ರಿಗೆ ನಾಲ್ಗೆ ಹೊರಳ್ಲಿಲ್ಲ. ಜೋಗಿ ಥರ ಬಂದ ಅಂತ ಜೋಗಪ್ಪ ಅಂದ್ರು. ಅದೇ ಆಯ್ತು."

ಕದಿರಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಹುಡುಗ ಕುರಿ ಕಾಯುತ್ತ ಬೆಳೆದ. ಪ್ರಾಯಕ್ಕೆ ಬಂದಾಗ ಯಾರೂ ಹೆಣ್ಣು ಕೊಡಲಿಲ್ಲ; ಕದಿರಪ್ಪ ತನ್ನ ಮಗಳು ಮುತ್ಯಾಲಮ್ಮನನ್ನೇ ಕೊಟ್ಟು ಇಲ್ಲಟದ ಅಳಿಯನನ್ನಾಗಿ ಮನೆಯಲ್ಲೇ ಇಟ್ಟುಕೊಂಡ. ಹುಟ್ಟಿದ ಮಕ್ಕಳಿಗೆ ತಂದೆಯ ಬೆಡಗು ಹೇಳಬೇಕು. ಅದು ಇಲ್ಲವಾದ್ದರಿಂದ ತಾಯಿಯ ಮನೆಯದನ್ನೇ ಹೇಳಿಕೊಂಡು ಬಂದರು. ಕಾಲ ಕಳೆದಂತೆ ಅವನು ಹೊರಗಿನವನೆಂಬ ಸಂಗತಿಯನ್ನೇ ಎಲ್ಲರೂ ನುಂಗಿಕೊಂಡರು.

"ಹಂಗಾದ್ರೆ ನಮ್ದು ಜೀರ್ಗೆ ಬೆಡಗಲ್ಲ!" ಲಕ್ಷ್ಮಣಪ್ಪನ ಎದೆ ಹಗುರಾಯಿತು. "ಮತ್ತೆ ಯಾವ್ದತ್ತೆ?"

"ಯಾರಿಗ್ಗೊತ್ತು? ಕುರುಬ್ನೋ ಅಲ್ವೋ, ಅದೂ ತಿಳೀದು."

ಹಗುರಾದ ಎದೆಯಲ್ಲಿ ಈಗ ಏನೂ ಇಲ್ಲದಂತಾಯಿತು. ನಲವತ್ತು ದಾಟಿದವನು, ಯಾವ ದೇವರ ಮುಂದೆಯೂ ಅನುಮಾನವಿಲ್ಲದೆ ಬೆಡಗು ಹೇಳಿಕೊಂಡವನು, ಹುಣಿಸೆ ಸಿಪ್ಪೆಗಳ ನಡುವೆ ಬಿದ್ದಿದ್ದ ಬೀಜಗಳನ್ನು ಆಯತೊಡಗಿದ.

"ಸಾಯೋವಾಗ ನಾನೇ ಪಕ್ಕದಲ್ಲಿದ್ದೆ," ಎಂದಳು ಬೀರಕ್ಕ. "ಕಣ್ಮುಚ್ಕಂಡು 'ಆಯಿ, ಆಯಿ' ಅಂತಿದ್ದ. ನೋವಿಗೆ ನರಳ್ತಾನೆ ಅಂತ ಅಜ್ಜಿ ಎದೆ ನೀವುತ್ತಿದ್ಳು. ನಾನು ಈ ಊರಿಗೆ ಬಂದ್ಮ್ಯಾಲೆ ಒಂದಿನ ಸಂತೇಲಿ ಮರಾಠಿಯೋರ ಮಗು ಅವ್ವನ ಕೈ ತಪ್ಪಿ, 'ಆಯೀ' ಅಂತ ಕಿರಿಚ್ಕಂತು ನೋಡು. ಆಗ ಹೊಳೀತು ಕಣ್ಲಾ. ಮುದುಕ ಅವ್ರವ್ವನ್ನ ಕೂಗ್ತಿದ್ದ. ನಮಗ್ಯಾರ್ಗೂ ತಿಳೀಲಿಲ್ಲ."

ಮರುದಿನ ಲಕ್ಷ್ಮಣಪ್ಪ ಊರಿಗೆ ಹೋಗದೆ ರೊದ್ದಂನಲ್ಲಿ ಇಳಿದ. ಚೌಡಣ್ಣನ ಮನೆಯ ಜಗಲಿಯ ಮೇಲೆ ಕೂತು ಎಲ್ಲವನ್ನೂ ಬಿಡದೆ ಹೇಳಿದ. ಶ್ರೀರಾಮಪ್ಪನೂ ಅಲ್ಲಿದ್ದ, ಅವನ ಮುಖ ಅರಳಿತು. "ಅಯ್ಯೋ, ಸುಲಭ ಆಯ್ತಲ್ಲ! ಆನೆ ಬೆಡಗು ಅಂದ್ಬುಡಾನ. ಹುಡುಕ್ಕೊಂಡು ಯಾರ್ ಹೋಯ್ತಾರೆ?"

ಚೌಡಣ್ಣನೂ ಗೋಣು ಆಡಿಸಿದ. "ಸರೇ. ಹಂಗಂದ್ರೆ ನನ್ನದೇನೂ ಅಡ್ಡಿಯಿಲ್ಲ."

ಹೂಂ ಎಂದರೆ ಮುಗಿಯುತ್ತಿತ್ತು. ಬಾಗಿಲ ಬಳಿ ಕಾಯುತ್ತಿರುವ ಮಗಳ ಮುಖ ಲಕ್ಷ್ಮಣಪ್ಪನ ಕಣ್ಣಿಗೆ ಕಟ್ಟಿತು. ಆದರೂ ಹೂಂ ಬಾಯಿಗೆ ಬರಲಿಲ್ಲ.

"ಬ್ಯಾಡ ಚೌಡಣ್ಣ. ಬದುಕಿದ್ದಾಗ ಅವನ ಹೆಸ್ರು ಕಿತ್ಕಂಡು ನಮ್ಮ ಬಾಯಿಗೆ ಬಂದಿದ್ದು ಇಟ್ರು. ಸತ್ಮ್ಯಾಲೂ ಅದನ್ನೇ ಮಾಡಾದಾ? ಕೇಳಿದ್ರೆ ಇದ್ದಿದ್ದು ಇದ್ದಂಗೇ ಹೇಳ್ತೀನಿ. ಒಪ್ಪಿದ್ರೆ ಸರಿ. ಇಲ್ದಿದ್ರೆ ನನ್ ಮಗ್ಳಿಗೆ ನಾನೇ ಹೇಳ್ಕಂತೀನಿ."

ಚೌಡಣ್ಣ ಎದ್ದು ಒಳಗೆ ಹೋದ. ಒಳಗಿನಿಂದ ಗೌರಕ್ಕನ ದನಿ ಏರಿತು, ಇಳಿಯಿತು. ಹೊರಗೆ ಬಂದವನು, "ನಮ್ಮೋರು ಕೆಲವ್ರು ಬರಾಕಿಲ್ಲ. ಬಂದೋರೂ ಎದ್ದು ಹೋಗ್ಬೈದು. ತಡ್ಕಂತೀಯಾ?" ಎಂದಷ್ಟೇ ಕೇಳಿದ.

ಮದುವೆ ಮಾಘದಲ್ಲಿ ಲಕ್ಷ್ಮಣಪ್ಪನ ಹಟ್ಟಿಯಲ್ಲಿ ನಡೆಯಿತು. ಧಾರೆಗೆ ಮುಂಚೆ ಕುಲದ ಗೌಡ ಹೆಣ್ಣಿನವರ ಬೆಡಗು ಕೇಳಿದ. ಲಕ್ಷ್ಮಣಪ್ಪ, "ನಾವು ಜೋಗಪ್ಪನೋರು. ಅವನು ಬರ್ದಾಗೆ ಬಂದೋನು, ಎಲ್ಲಿಂದ ಅಂತ ಗೊತ್ತಿಲ್ಲ," ಎಂದ. ಚಪ್ಪರದಲ್ಲಿ ಗುಜುಗುಜು ಎದ್ದಿತು. ಗೌಡ ಚೌಡಣ್ಣನ ಮುಖ ನೋಡಿದ. ಚೌಡಣ್ಣ ಧಾರೆಯ ಹಾಲಿನ ಗಿಂಡಿಯನ್ನು ಎತ್ತಿ ಅವನ ಕೈಗೆ ಕೊಟ್ಟ. ಗಂಗಾದೇವಿ ತಲೆ ತಗ್ಗಿಸಿಯೇ ಕೈ ಚಾಚಿದಳು.

ಊಟದ ಹೊತ್ತಿಗೆ ರೊದ್ದಂ ಕಡೆಯ ಕೆಲವರು ಮೆಲ್ಲಗೆ ಜಾಗ ಖಾಲಿ ಮಾಡಿದ್ದರು. ಹಾಸಿದ ಎಲೆಗಳು ಸಾಲಾಗಿ ಹಾಗೇ ಉಳಿದವು. ಕಡೆಯ ಪಂಕ್ತಿಗೆ ಕೂರಬೇಕಿದ್ದ ಚೌಡಣ್ಣ ಪಂಚೆ ಎತ್ತಿ ಕಟ್ಟಿ ಬಂದು ಒಂದು ಎಲೆಯ ಮುಂದೆ ಕೂತ, ಲಕ್ಷ್ಮಣಪ್ಪನನ್ನೂ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ. ಹಟ್ಟಿಯವರು ಒಬ್ಬೊಬ್ಬರಾಗಿ ಬಂದು ಕೂತರು. ತುದಿಯದೊಂದು ಎಲೆ ಮಾತ್ರ ಖಾಲಿಯಿತ್ತು. ಅನ್ನದ ಪುಟ್ಟಿ ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತ ಬಂದ ರಾಮಾಂಜಿನಮ್ಮ ಅಲ್ಲಿ ಒಂದು ಗಳಿಗೆ ನಿಂತಳು; ಬಾಗಿ, ಎಲ್ಲಿಂದಲೋ ಬಂದವನಿಗೆಂಬಂತೆ ಆ ಎಲೆಗೂ ಅನ್ನ ಬಡಿಸಿ, ಅದರ ಮೇಲೆ ತುಪ್ಪ ಬಿಟ್ಟು ಮುಂದೆ ಹೋದಳು.